ಎರಡು ಮೀಟರಿನ ಮನೆ

ಗೋಡೆಯ ಆಚೆಗಿರುವ ನನ್ನ ಅಕ್ಕನಿಗೆ,

ಬೆಚ್ಚಬೇಡ, ಬರೆಯುತ್ತಿರುವುದು ನಿನ್ನ ಓರಗಿತ್ತಿ. ಕರೆಂಟಿನ ವೈರು ಎಳೆಯಲೆಂದು ಹಲಗೆಯಲ್ಲಿ ಕೊರೆದ ತೂತಿನಿಂದ ಈ ಕಾಗದ ಸುರುಳಿಯಾಗಿ ನಿನ್ನ ಕಡೆ ಬಿದ್ದಿರುತ್ತದೆ. ಆ ತೂತಿಗೆ ಭಾವ ತುರುಕಿದ್ದ ಬಟ್ಟೆಯನ್ನು ತಳ್ಳಿದವಳೂ ನಾನೇ. ಬಾಯಿಬಿಟ್ಟು ಕರೆದರೆ ನೀನು "ಏನಿಲ್ಲ ಹೋಗೆ, ನಿನ್ನ ಕೆಲಸ ನೋಡ್ಕೋ" ಅನ್ನುತ್ತೀಯ. ನಿನ್ನೆಯೂ ಹಾಗೇ ಅಂದೆ. ಚರ್ಮ ಸುಟ್ಟ ವಾಸನೆ ನನ್ನ ಒಲೆಯ ತನಕ ಬಂದಿತ್ತು, ಆಗಲೂ ಏನಿಲ್ಲ ಅಂದೆ. ಕಾಗದದ ಜೊತೆ ಹಾಗೆ ವಾದ ಮಾಡಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಭಾವ ಬೀಗ ಹಾಕಿಕೊಂಡು ಅಂಗಡಿಗೆ ಹೋಗಿಯಾಯಿತು, ಸಂಜೆಗೆ ಮುಂಚೆ ಬರುವುದಿಲ್ಲ. ನೆಲದ ಮೇಲೆ ಕೂತುಕೊಂಡು ನಿಧಾನವಾಗಿ ಓದು. ಆ ಸುಟ್ಟ ಕೈಯನ್ನು ಎಲ್ಲಿಗೂ ತಾಗಿಸಿಕೊಳ್ಳಬೇಡ.

ನಾನು ಈ ಮನೆಗೆ ಬಂದ ದಿನ ನಿನ್ನನ್ನು ನೀವು ಅಂದಿದ್ದೆ. ನೀನು ಸೊಂಟದ ಮೇಲೆ ಕೈಯಿಟ್ಟುಕೊಂಡು "ನೀವು ಗೀವು ಅಂದ್ರೆ ಊಟ ಹಾಕಲ್ಲ ನೋಡು" ಅಂದೆ. ಅಂದಿನಿಂದ ನಿನ್ನನ್ನು ಏಕವಚನದಲ್ಲೇ ಬೈದಿದ್ದೇನೆ, ಏಕವಚನದಲ್ಲೇ ಮುದ್ದು ಮಾಡಿದ್ದೇನೆ. ನಿನ್ನ ಗಂಡ, ನನ್ನ ಗಂಡ, ಅಣ್ಣ ತಮ್ಮ ಇಬ್ಬರೂ ಬಡಗಿಗಳು, ಒಂದೇ ಅಂಗಡಿ, ಒಂದೇ ಗರಗಸದ ಮಿಷನ್ನು. ಮನೆಗೆ ಬಂದರೆ ಇಬ್ಬರ ತಲೆಯ ತುಂಬ ಮರದ ಪುಡಿ, ಇಬ್ಬರ ಬಾಯಲ್ಲೂ ಒಂದೇ ಮಾತು, ಊಟ ಆಯ್ತಾ. ನನಗೆ ತಾಯಿ ಇಲ್ಲ, ನಿನಗೆ ಒಡಹುಟ್ಟಿದವರು ಇಲ್ಲ. ಒಂದು ಅಡುಗೆಮನೆಯಲ್ಲಿ ಇಬ್ಬರೂ ಇಲ್ಲದ್ದನ್ನು ಇದ್ದ ಹಾಗೆ ಮಾಡಿಕೊಂಡೆವು. ಯಾರ ಕಣ್ಣು ಬಿತ್ತೋ ಅಂತ ಬರೆಯಲಾರೆ. ಯಾರ ಕಣ್ಣೂ ಬೀಳಲಿಲ್ಲ. ನಾವೇ ಗುಂಡಿ ತೋಡಿ, ನಾವೇ ಅಳತೆ ಹಿಡಿದು, ನಾವೇ ಬಿದ್ದೆವು.

ಭಾವನ ಕೈ ಆಗಲೂ ಏಳುತ್ತಿತ್ತು. ಅದನ್ನು ಮುಚ್ಚಿಡುವುದು ಬೇಡ. ನಾನು ಬಂದ ಹೊಸತರಲ್ಲಿ ಊಟಕ್ಕೆ ಕೂತಾಗ, ಸಾರು ಆರಿದೆ ಅನ್ನುವ ನೆಪಕ್ಕೆ ಎದ್ದು ನಿಂತು ಕೈ ಎತ್ತಿದರು. ನಿನ್ನ ಮೈದುನ ತಟ್ಟೆ ಬಿಟ್ಟು ಎದ್ದರು. ಎಂಜಲು ಕೈಯಲ್ಲೇ ಅಣ್ಣನ ಮಣಿಕಟ್ಟು ಹಿಡಿದುಕೊಂಡು "ಬೇಡ ಅಣ್ಣ" ಅಂದರು. ಅಷ್ಟೇ. ಗಟ್ಟಿ ಮಾತಿಲ್ಲ, ತಳ್ಳಾಟವಿಲ್ಲ. ಭಾವನ ಮಣಿಕಟ್ಟಿನ ಮೇಲೆ ಅನ್ನದ ಅಗುಳು ಅಂಟಿಕೊಂಡಿತ್ತು, ಅದನ್ನು ಒರೆಸಿಕೊಳ್ಳುತ್ತ ಕೂತುಬಿಟ್ಟರು. ಆಮೇಲೂ ಒಂದೆರಡು ಸಲ ಹಾಗೇ ಆಯಿತು. ಪ್ರತಿ ಸಲವೂ ಅದೇ ಎರಡು ಮಾತು, ಅದೇ ಮಣಿಕಟ್ಟು. ಒಂದೇ ಮನೆ ಅಂದರೆ ಒಂದೇ ಒಲೆ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಏಳುವ ಕೈಯನ್ನು ಹಿಡಿಯಲು ಇನ್ನೊಂದು ಕೈ ಹತ್ತಿರದಲ್ಲಿರುವುದು ಅಂತ ನನಗೆ ತಿಳಿದದ್ದು ಆ ಕೈ ಗೋಡೆಯ ಈಚೆಗೆ ಬಂದ ಮೇಲೆ.

ಆಮೇಲೆ ಬಂತು ಕರೆಂಟಿನ ಹೊಸ ದರ. ಹಳೆಯ ಲೆಕ್ಕದಲ್ಲಿ ಎಷ್ಟು ಉರಿಸಿದರೆ ಅಷ್ಟಕ್ಕೆ ದುಡ್ಡು. ಹೊಸದರಲ್ಲಿ ಒಂದು ಗೆರೆ ಎಳೆದರು. ತಿಂಗಳಿಗೆ ಇಷ್ಟು ಯೂನಿಟ್ಟಿನ ಗೆರೆಯೊಳಗೆ ಇದ್ದರೆ ಅಗ್ಗ, ದಾಟಿದರೆ ದಾಟಿದ್ದಕ್ಕೆ ಮಾತ್ರವಲ್ಲ, ಮೊದಲನೆಯ ಯೂನಿಟ್ಟಿನಿಂದಲೇ ದುಬಾರಿ. ನಾಲ್ಕು ಜನರ ಮನೆ, ಫ್ರಿಜ್ಜು, ನೀರು ಕಾಯಿಸುವ ಗೀಸರು. ಗೆರೆ ದಾಟದೆ ಇರುತ್ತದೆಯೇ? ಮೊದಲ ಬಿಲ್ಲು ನೋಡಿ ಇಬ್ಬರೂ ಬಡಗಿಗಳು ಹಲಗೆ ಕೊಯ್ಯುವಾಗ ಬೆರಳು ಕೊಯ್ದುಕೊಂಡವರ ಹಾಗೆ ಕೂತರು. ನೀನು ಗೀಸರು ಬಿಟ್ಟೆ, ನಾನು ಇಸ್ತ್ರಿ ಬಿಟ್ಟೆ, ಆದರೂ ದಾಟಿತು. ಆಗ ಅಂಗಡಿಗೆ ವೈರಿಂಗ್ ಮಾಡಿಕೊಟ್ಟವನು ಬಂದು ನಗುತ್ತ ಹೇಳಿದ, "ಒಂದು ಮನೇನ ಎರಡು ಮಾಡ್ಕೊಳ್ರಿ. ಎರಡು ಅಡುಗೆಮನೆ ತೋರಿಸಿದ್ರೆ ಎರಡು ಮೀಟರು, ಎರಡು ಗೆರೆ. ಅರ್ಧ ಊರು ಮಾಡ್ಕೊಂಡಿದೆ." ಒಂದೇ ತೊಡಕು ಅಂದ. ಇನ್ಸ್‌ಪೆಕ್ಟರು ಬಂದಾಗ ಮನೆ ನೋಡುವುದು ಮಾತ್ರವಲ್ಲ, ಅಕ್ಕಪಕ್ಕದವರನ್ನು ಕೇಳುತ್ತಾನೆ, ಇವರು ನಿಜಕ್ಕೂ ಬೇರೆಯಾದರಾ ಅಂತ.

ಗೋಡೆಯ ಕೆಲಸ ಇಬ್ಬರಿಗೂ ಹಬ್ಬವಾಯಿತು. ಒಂದು ಭಾನುವಾರ ನಡುಮನೆಯ ಮಧ್ಯೆ ಮರದ ಚೌಕಟ್ಟು ನಿಲ್ಲಿಸಿ ಪ್ಲೈವುಡ್ ಹೊಡೆದರು. ನಯವಾದ ಮುಖ ನಿಮ್ಮ ಕಡೆಗೆ, ಚೌಕಟ್ಟಿನ ಪಟ್ಟಿಗಳು ನಮ್ಮ ಕಡೆಗೆ. ಭಾವ ಮೊಳೆ ಡಬ್ಬಿ ಎತ್ತಿಕೊಂಡಾಗ ನಿನ್ನ ಮೈದುನ "ಮೊಳೆ ಬೇಡ ಅಣ್ಣ, ಸ್ಕ್ರೂ ಹಾಕೋಣ. ಆಮೇಲೆ ಬಿಚ್ಚೋಕೆ ಸುಲಭ" ಅಂದರು. ಬಿಚ್ಚುವ ಯೋಚನೆ ಇಟ್ಟುಕೊಂಡೇ ಕಟ್ಟಿದ ಗೋಡೆ ಅದು. ಫ್ರಿಜ್ಜು ನಮ್ಮ ಕಡೆ ಉಳಿಯಿತು, ಹೊಸದೊಂದು ಒಲೆ, ಮಿಕ್ಸಿ ಮತ್ತು ಇಸ್ತ್ರಿಪೆಟ್ಟಿಗೆ ನಿಮ್ಮ ಕಡೆ ಹೋದವು. ಹಿತ್ತಲ ಬಾಗಿಲು ನಮಗೆ, ಬೀದಿ ಬಾಗಿಲು ನಿಮಗೆ. ಬಣ್ಣ ಹೊಡೆದು ಮುಗಿಸಿ ನೋಡಿದರೆ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಗೋಡೆಯ ಹಾಗೆ ಕಾಣುತ್ತಿತ್ತು. ಸುಳ್ಳು ಗೋಡೆಯನ್ನು ಅಷ್ಟು ಚೆನ್ನಾಗಿ ಯಾಕೆ ಕಟ್ಟಿದಿರೋ ಮಾರಾಯ್ರಾ ಅಂತ ನೀನೇ ಕೇಳಿದ್ದೆ.

ಉಳಿದದ್ದು ಅಕ್ಕಪಕ್ಕದವರ ಸಾಕ್ಷಿ. ಅದಕ್ಕೆ ಜಗಳವಾಡಬೇಕು, ಬೀದಿಯಲ್ಲಿ, ಎಲ್ಲರೂ ನೋಡುವ ಹಾಗೆ. ಹಿಂದಿನ ದಿನ ಅಡುಗೆಮನೆಯಲ್ಲಿ ತಾಲೀಮು ನಡೆಯಿತು, ನೆನಪಿದೆಯಾ? ಭಾವ "ಹೊರಗೆ ನಡಿಯೋ" ಅನ್ನಬೇಕು, ತಮ್ಮ "ನನ್ನ ಪಾಲು ಬಿಸಾಕು" ಅನ್ನಬೇಕು, ನಾನು ಕಣ್ಣೊರೆಸಿಕೊಳ್ಳಬೇಕು, ನೀನು ಒಂದು ಪಾತ್ರೆ ಎಸೆಯಬೇಕು. ಯಾವ ಪಾತ್ರೆ ಅಂತ ಕೇಳಿ, ತಳ ಒಡೆದದ್ದನ್ನು ಆರಿಸಿಟ್ಟುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆಯಲ್ಲ. ನಾವು ನಾಲ್ವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಬೆಳಿಗ್ಗೆ ಎದುರುಮನೆ ಟೀಚರಮ್ಮ ಬಾಗಿಲಿಗೆ ಬಂದಳು, ಹಾಲಿನ ಅಂಗಡಿಯವನು ಕ್ರೇಟು ಇಳಿಸುವುದು ಬಿಟ್ಟು ನಿಂತ. ಮಾತುಗಳು ತಾಲೀಮಿನ ಪ್ರಕಾರವೇ ಶುರುವಾದವು. ನೀನು ಎಸೆದ ಪಾತ್ರೆ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು, ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ. ಜನ ಸೇರಿದ್ದು ನೋಡಿ ನಿನ್ನ ಮೈದುನನಿಗೆ ಹುರುಪು ಬಂತು. ತಾಲೀಮಿನಲ್ಲಿ ಇಲ್ಲದ ಮಾತು ಬಾಯಿಗೆ ಬಂತು. "ಹೆಂಡ್ತಿ ಮೇಲೆ ಕೈ ಮಾಡೋನ ಜೊತೆ ಒಂದು ಸೂರಿನ ಕೆಳಗೆ ಇರಲ್ಲ ಕಣೋ ನಾನು!" ಆಟಕ್ಕೆ ಅಂತ ಅಂದರೋ, ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದು ಹೊರಬಿತ್ತೋ, ಇವತ್ತಿಗೂ ಅವರಿಗೇ ಗೊತ್ತಿಲ್ಲ. ಟೀಚರಮ್ಮ ನಿನ್ನ ಮುಖ ನೋಡಿದಳು. ನೀನು ತಲೆ ತಗ್ಗಿಸಿದೆ. ಅಷ್ಟು ಸಾಕಾಯಿತು.

ಭಾವನ ಮೊದಲನೆಯ ಏಟು ತಮ್ಮನ ಎಡಗಿವಿಗೆ ಬಿತ್ತು. ಕೈಯನ್ನು ಬಟ್ಟಲಿನ ಹಾಗೆ ಮಾಡಿ ಹೊಡೆದರು, ಪಟಾಕಿ ಸಿಡಿದ ಸದ್ದು. ನಿನ್ನ ಮೈದುನ ನಗುತ್ತಲೇ ಇದ್ದರು, ಇದೂ ಆಟ ಅಂದುಕೊಂಡು. ಎರಡನೆಯದು ಬಿದ್ದಾಗ ನಗು ನಿಂತಿತು. ಮೂರನೆಯದಕ್ಕೆ ತಲೆಯಿಂದ ಗುದ್ದಿ ಅಣ್ಣನ ಮುಂದಿನ ಹಲ್ಲು ಮುರಿದರು. ಭಾವ ಅಂಗಳದಲ್ಲಿ ಬಿದ್ದಿದ್ದ ರೀಪು ಎತ್ತಿಕೊಂಡರು, ಗೋಡೆಗೆಂದು ಕೊಯ್ದು ಉಳಿದಿದ್ದ ಮರದ ಪಟ್ಟಿ. ಅದು ಬೆನ್ನ ಮೇಲೆ ಬಿದ್ದ ಸದ್ದು, ಮತ್ತೆ ಬಿದ್ದ ಸದ್ದು, ಇವತ್ತಿಗೂ ಹಿಟ್ಟು ಕುಟ್ಟುವುದು ಕೇಳಿದರೆ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಹಾಲಿನ ಅಂಗಡಿಯವನು ಮತ್ತು ಇನ್ನಿಬ್ಬರು ಬಂದು ಹಿಡಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ರಕ್ತ ಇತ್ತು, ಯಾರದ್ದು ಯಾರಿಗೆ ಅಂಟಿದೆ ಅಂತ ಹೇಳುವ ಹಾಗಿರಲಿಲ್ಲ. ಅಣ್ಣ ತಮ್ಮಂದಿರ ರಕ್ತ ಒಂದೇ ಅನ್ನುತ್ತಾರಲ್ಲ, ಆವತ್ತು ಕಣ್ಣಾರೆ ನೋಡಿದೆ.

ಇನ್ಸ್‌ಪೆಕ್ಟರು ಬಂದಾಗ ಒಬ್ಬರ ತಲೆಗೆ ಬ್ಯಾಂಡೇಜು, ಇನ್ನೊಬ್ಬರ ತುಟಿಗೆ ಹೊಲಿಗೆ. ಅವನು ಯಾರನ್ನೂ ಏನೂ ಕೇಳಲಿಲ್ಲ. "ಇಷ್ಟು ಶುದ್ಧವಾಗಿ ಬೇರೆಯಾದ ಮನೇನ ನಾನು ನೋಡೇ ಇಲ್ಲ" ಅಂದು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದ. ಮುಂದಿನ ವಾರ ಬೀದಿಯ ಕಡೆಯ ಗೋಡೆಗೆ ಅಕ್ಕಪಕ್ಕ ಎರಡು ಮೀಟರು ಬಂದವು. ಎರಡರಲ್ಲೂ ಒಂದೊಂದು ಕೆಂಪು ದೀಪ, ಮಿಣುಕು ಮಿಣುಕು. ಅಂದುಕೊಂಡ ಕೆಲಸ ಆಗಿತ್ತು, ನೋಡಿ ಸಂತೋಷಪಡುವವರು ಯಾರೂ ಇರಲಿಲ್ಲ.

ಆಮೇಲಿನದ್ದು ನಿನಗೆ ಹೇಳಬೇಕಾಗಿಲ್ಲ, ಅನುಭವಿಸಿದವಳು ನೀನು. ಆದರೆ ಗೋಡೆಯ ಈಚೆಯಿಂದ ಅದು ಹೇಗೆ ಕೇಳುತ್ತದೆ ಅಂತ ನಿನಗೆ ಗೊತ್ತಿಲ್ಲ. ಪ್ಲೈವುಡ್ಡು ಏನನ್ನೂ ಮುಚ್ಚಿಡುವುದಿಲ್ಲ. ಮೊದಲು ಮಾತು ಬರುತ್ತದೆ, "ನೀನೇ ಹೇಳ್ಕೊಟ್ಟಿದ್ದು ಅವನಿಗೆ, ಬೀದೀಲಿ ಮಾನ ತೆಗೀಲಿ ಅಂತ." ಆಮೇಲೆ ಕುರ್ಚಿ ಸರಿದ ಸದ್ದು. ಆಮೇಲೆ ನಿನ್ನ ಕೂಗು. ಶುರುವಿನಲ್ಲಿ ನಾನು ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಬಡಿದೆ. ಒಂದು ಸಲ ನಿಂತಿತು. ಮಾರನೆಯ ದಿನದಿಂದ ಹೊಸ ಉಪಾಯ. ಮಿಕ್ಸಿ. ಜಾರಿನಲ್ಲಿ ಏನೂ ಹಾಕದೆ, ಖಾಲಿ ಮಿಕ್ಸಿಯನ್ನು ಜೋರಿನಲ್ಲಿಟ್ಟು ಓಡಿಸುವುದು. ಬೀದಿಗೆ ಅದರ ಕಿರುಚಾಟ ಮಾತ್ರ ಕೇಳಬೇಕು. ಎಂಥ ಬುದ್ಧಿ ನೋಡು. ಟೀಚರಮ್ಮ ನನ್ನನ್ನು ಕೇಳಿದಳು, "ನಿನ್ನ ಓರಗಿತ್ತಿ ದಿನಾ ಅದೇನು ರುಬ್ಬುತ್ತಾಳೆ?" ಅಂತ. ನಾನು ಹೊರಗೆ ನಿಂತಿದ್ದೆ. ನಿಮ್ಮ ಮೀಟರಿನ ಕೆಂಪು ದೀಪ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿತ್ತು. ನಮ್ಮದು ಪಕ್ಕದಲ್ಲೇ ತನ್ನ ಪಾಡಿಗೆ ತಾನು ಮಿಣುಕುತ್ತಿತ್ತು.

ನಿನ್ನ ಮೈದುನ ಏನು ಮಾಡುತ್ತಿದ್ದರು ಅಂತ ನಿನಗೆ ಪ್ರಶ್ನೆ ಇದ್ದೇ ಇರುತ್ತದೆ. ನೀನು ಕೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಆವತ್ತಿನ ಏಟಿಗೆ ಎಡಗಿವಿಯ ಪರದೆ ಹರಿದಿದೆ, ಆ ಕಿವಿ ಇನ್ನು ಕೇಳುವುದಿಲ್ಲ ಅಂದರು ಡಾಕ್ಟರು. ಈಗ ಮಿಕ್ಸಿ ಶುರುವಾದ ಕೂಡಲೇ ಅವರು ಹೋಗಿ ಮಲಗಿಬಿಡುತ್ತಾರೆ. ಕೇಳುವ ಕಿವಿಯನ್ನು ದಿಂಬಿಗೆ ಒತ್ತಿಕೊಂಡು ಮಲಗುತ್ತಾರೆ. ಅಷ್ಟು ಮಾಡಿದರೆ ಅವರಿಗೆ ಜಗತ್ತೇ ಇಲ್ಲ. ನಾನು ಅವರ ಅಂಗಿ ಹಿಡಿದು ಎಳೆದಿದ್ದೇನೆ, ಬೆನ್ನಿಗೆ ಗುದ್ದಿದ್ದೇನೆ, ಒಂದು ದಿನ ಭುಜ ಕಚ್ಚಿದ್ದೇನೆ, ರಕ್ತ ಬರುವ ಹಾಗೆ. "ಅದು ಅವರ ಮನೆ" ಅಂದರು. ಅವರ ಮನೆಯಂತೆ! ಬಣ್ಣ ಆರಿ ಇನ್ನೂ ವರ್ಷವಾಗಿಲ್ಲ. ಪೊಲೀಸರ ಹತ್ತಿರ ಹೋಗುತ್ತೇನೆ ಅಂದೆ. "ಅವರು ಬಂದು ಗೋಡೆ ತಟ್ಟಿ ನೋಡಿದ್ರೆ ಎರಡು ಮೀಟರಿನ ಸುಳ್ಳು ಹೊರಗೆ ಬೀಳುತ್ತೆ. ಇಬ್ಬರ ಮನೆ ಕರೆಂಟೂ ಕಿತ್ಕೊಂಡು ಹೋಗ್ತಾರೆ" ಅಂದರು. ಅತ್ತಿಗೆಯ ಎಲುಬಿಗಿಂತ ಮೀಟರು ದೊಡ್ಡದಾಯಿತು ಆ ಮಹಾಶಯರಿಗೆ. ಆ ರಾತ್ರಿ ನಾನು ಅವರಿಗೆ ಊಟ ಹಾಕಲಿಲ್ಲ.

ನಿನ್ನ ಫೋನು ಭಾವನ ಜೇಬು ಸೇರಿದ ಮೇಲೆ, ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದ ಮೇಲೆ, ನಮಗೆ ಉಳಿದದ್ದು ಈ ತೂತು ಒಂದೇ. ಅದರಿಂದ ನೀನು ಎರಡು ಬೆರಳು ಈಚೆ ಚಾಚುತ್ತಿದ್ದೆ, ನಾನು ಹಿಡಿದುಕೊಂಡು ಕೂರುತ್ತಿದ್ದೆ. ಒಂದು ದಿನ ಉಗುರು ಕಪ್ಪಾಗಿತ್ತು. "ಬಾಗಿಲಿಗೆ ಸಿಕ್ಕಿತು" ಅಂದೆ. ಯಾವ ಬಾಗಿಲು ಅಕ್ಕಾ, ನಿನ್ನ ಬಾಗಿಲು ತೆರೆದೇ ಇರಲಿಲ್ಲವಲ್ಲ. ಆಮೇಲೆ ತೂತಿಗೂ ಬಟ್ಟೆ ಬಿತ್ತು.

ಈಗ ನಿನ್ನೆಯದು. ನಿನ್ನೆ ಎರಡೂ ಮನೆಯ ಬಿಲ್ಲು ಬಂತು. ನಮ್ಮದು ಗೆರೆಯೊಳಗೆ, ನಿಮ್ಮದು ಗೆರೆ ದಾಟಿತ್ತು. ಇಬ್ಬರೇ ಇರುವ ಮನೆ, ಫ್ರಿಜ್ಜಿಲ್ಲ, ಹೇಗೆ ದಾಟಿತು? ದಿನವೂ ನಿನ್ನ ಕೂಗು ಮುಚ್ಚಲು ಓಡಿಸಿದ ಖಾಲಿ ಮಿಕ್ಸಿ, ಅದರ ಮೇಲೆ ದೊಡ್ಡದಾಗಿ ಇಟ್ಟ ಟೀವಿ, ಅವೇ ದಾಟಿಸಿದ್ದು. ನಿನ್ನನ್ನು ಹೊಡೆದದ್ದರ ಬಿಲ್ಲನ್ನು ನಿನ್ನ ಮುಖಕ್ಕೇ ಹಿಡಿದು "ಮನೇಲಿ ಕೂತು ಕರೆಂಟು ತಿಂತೀಯಾ" ಅಂದದ್ದು ನನಗೆ ಕೇಳಿಸಿತು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿದ್ದು ಕೇಳಿಸಿತು. ನಿನ್ನೆ ಮಿಕ್ಸಿ ಓಡಲಿಲ್ಲ, ಯೂನಿಟ್ ಉಳಿಸುತ್ತಿದ್ದನಲ್ಲ. ಅದಕ್ಕೇ ನಿನ್ನ ಕೂಗು ಪೂರ್ತಿ ಕೇಳಿಸಿತು. ಈ ಸಾಲಿನಿಂದಾಚೆಗೆ ಅವನನ್ನು ಭಾವ ಅಂತ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಅದೇ ಪೆಟ್ಟಿಗೆಯನ್ನು ಕೆಂಪಗೆ ಕಾಯಿಸಿ ಅವನ ಎದೆಯ ಮೇಲಿಟ್ಟು, ಮೇಲೆ ನಾನು ಕೂತುಕೊಳ್ಳಬೇಕು. ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ನಿನ್ನ ಕೂಗು ಕೇಳಿದಾಗ ನಿನ್ನ ಮೈದುನ ಮಲಗಿರಲಿಲ್ಲ. ಮಿಕ್ಸಿಯ ಸೂಚನೆ ಇಲ್ಲದ್ದರಿಂದ ದಿಂಬಿನ ಹತ್ತಿರ ಹೋಗಲು ಅವರಿಗೆ ಹೊತ್ತು ಸಿಗಲಿಲ್ಲ. ಕೇಳುವ ಕಿವಿ ನೇರ ಗೋಡೆಯ ಕಡೆಗಿತ್ತು. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಎದ್ದು ಬಂದು ಎಂಜಲು ಕೈಯನ್ನು ಗೋಡೆಗೆ ಒತ್ತಿದರು, ಮಣಿಕಟ್ಟು ಹುಡುಕುವವರ ಹಾಗೆ. ಆ ಅನ್ನದ ಗುರುತು ಈಗಲೂ ಹಲಗೆಯ ಮೇಲಿದೆ. ಬೆಳಿಗ್ಗೆ ಕಿಟಕಿ ಕೂರಿಸುವ ಕೆಲಸಕ್ಕೆ ಹೊರಟಾಗ ಚೀಲದಿಂದ ಉದ್ದ ಹಿಡಿಯ ಸ್ಕ್ರೂಡ್ರೈವರು ತೆಗೆದು ಒಲೆಯ ಪಕ್ಕ ಇಟ್ಟರು. ಅದನ್ನು ಅವರು ಯಾರಿಗೂ ಮುಟ್ಟಗೊಡುವುದಿಲ್ಲ, ನಿನಗೆ ಗೊತ್ತು. ನನ್ನ ಮುಖ ನೋಡದೆ ಅಂದರು, "ಕೆಳಗಿನಿಂದ ಶುರು ಮಾಡು. ಮೇಲಿನ ಸಾಲು ಕೊನೆಗೆ. ಹಲಗೆ ಆ ಕಡೆ ಬೀಳುತ್ತೆ, ಅತ್ತಿಗೆಗೆ ದೂರ ನಿಲ್ಲೋಕೆ ಹೇಳು." ಅಂದವರೇ ಸೈಕಲ್ಲು ಹತ್ತಿ ಹೋದರು. ದಾರಿ ತೋರಿಸಿ ತಾವು ಓಡಿಹೋಗುವ ಗಂಡಸು. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ, ನೀನೂ ಅವಸರಪಟ್ಟು ಕ್ಷಮಿಸಬೇಡ.

ಬೆಳಗಿನಿಂದ ನಾನು ಅದೇ ಕೆಲಸದಲ್ಲಿದ್ದೇನೆ. ಚೌಕಟ್ಟಿನ ಪಟ್ಟಿಯ ಮೇಲೆ, ಬಣ್ಣದ ಕೆಳಗೆ ಸ್ಕ್ರೂವಿನ ತಲೆ ಹೆಬ್ಬೆರಳಿಗೆ ಸಿಗುತ್ತದೆ, ಸಣ್ಣ ಮೊಡವೆಯ ಹಾಗೆ. ಕೆರೆದು, ಒತ್ತಿ, ತಿರುಗಿಸಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದೆ, ಈ ಕಾಗದದ ಮೇಲಿರುವ ಕಲೆ ಅದರದ್ದೇ. ನಡುವಿನ ಹಲಗೆಯ ಸ್ಕ್ರೂಗಳೆಲ್ಲ ನನ್ನ ಮಡಿಲಲ್ಲಿವೆ, ಮೇಲಿನ ಒಂದು ಸಾಲು ಬಿಟ್ಟು. ಹಲಗೆ ಈಗ ಆ ಸಾಲಿನಿಂದ ನೇತಾಡುತ್ತಿದೆ. ನೀನು ಮೆಲ್ಲಗೆ ಬೆರಳಿಟ್ಟರೆ ಅಲುಗಾಡುವುದು ತಿಳಿಯುತ್ತದೆ, ಆದರೆ ಇಡಬೇಡ. ಅದು ಬಿದ್ದ ಮೇಲೆ ಚೌಕಟ್ಟಿನ ಪಟ್ಟಿಗಳ ನಡುವೆ ನೀನು ನುಸುಳಿ ಬರಬಹುದು, ಅಳತೆ ನೋಡಿದ್ದೇನೆ, ನಿನಗಿಂತ ದಪ್ಪಗಿರುವ ನಾನೇ ತೂರಿಕೊಳ್ಳುತ್ತೇನೆ. ನನ್ನ ಹಿತ್ತಲ ಬಾಗಿಲಿಗೆ ಬೀಗವಿಲ್ಲ. ಮೊದಲು ಆಸ್ಪತ್ರೆ, ಆಮೇಲೆ ಪೊಲೀಸು. ಎರಡು ಮೀಟರಿನ ಸುಳ್ಳನ್ನು ನಾನೇ ಬಾಯಿಬಿಟ್ಟು ಹೇಳುತ್ತೇನೆ, ಅವರು ಬೇಕಾದರೆ ಎರಡನ್ನೂ ಕಿತ್ತುಕೊಂಡು ಹೋಗಲಿ. ಮೇಣದಬತ್ತಿ ಹಚ್ಚಿಕೊಂಡು ಬದುಕೋಣ. ಅಷ್ಟರೊಳಗೆ ಅವನೇನಾದರೂ ಬಂದರೆ, ನನ್ನ ಪಕ್ಕದಲ್ಲಿ ದೊಡ್ಡ ಸುತ್ತಿಗೆಯೂ ಇದೆ. ಅದನ್ನು ಯಾರೂ ಇಟ್ಟು ಹೋಗಿದ್ದಲ್ಲ, ನಾನೇ ತಂದಿಟ್ಟುಕೊಂಡದ್ದು.

ಒಂದೇ ಒಂದು ಮಾತು ಬಾಕಿ. ನೀನು ಒಪ್ಪದೆ ನಾನು ಮೇಲಿನ ಸಾಲಿಗೆ ಕೈ ಹಾಕುವುದಿಲ್ಲ. ನಿನ್ನನ್ನು ಕೇಳದೆ ಎಲ್ಲರೂ ಎಲ್ಲವನ್ನೂ ತೀರ್ಮಾನ ಮಾಡಿದ್ದಾರೆ, ನನಗೆ ಆ ಸಾಲಿನಲ್ಲಿ ನಿಲ್ಲುವುದು ಬೇಡ. ಹೂಂ ಅನ್ನುವುದಾದರೆ ಬಾಯಿಬಿಡಬೇಕಾಗಿಲ್ಲ, ಅಳಬೇಕಾಗಿಲ್ಲ. ಎದ್ದು ಬೀದಿ ಬಾಗಿಲಿನ ಮೂಲೆಗೆ ಹೋಗು, ಗೋಡೆಯಿಂದ ಅಷ್ಟು ದೂರ ನಿಂತರೆ ಸಾಕು. ಹೋಗುವಾಗ ಸುಡದ ಕೈಯಿಂದ ಮಿಕ್ಸಿಯ ಸ್ವಿಚ್ಚು ಹಾಕು. ಖಾಲಿ ಜಾರು, ಜೋರಿನಲ್ಲಿ ಇಡು, ಅದೇ ನಿನ್ನ ಹೂಂ. ಹಲಗೆ ಬೀಳುವ ಸದ್ದು ಬೀದಿಗೆ ಕೇಳಬಾರದು. ನೀನು ಏನೋ ರುಬ್ಬುತ್ತಿದ್ದೀಯ ಅಂತ ಟೀಚರಮ್ಮ ಅಂದುಕೊಳ್ಳಲಿ. ಗೆರೆ ದಾಟಿದರೆ ದಾಟಲಿ, ಯೂನಿಟ್ಟು ಎಷ್ಟಾದರೂ ಓಡಲಿ.

ನೀನು ಇದನ್ನು ಓದಿ ಮುಗಿಸುವ ಹೊತ್ತಿಗೆ ನಾನು ಸ್ಟೂಲಿನ ಮೇಲೆ ಹತ್ತಿ ನಿಂತಿರುತ್ತೇನೆ. ಕಿವಿ ನಿನ್ನ ಕಡೆಗಿದೆ.

ನಿನ್ನ ಹೊಟ್ಟೆ ತಣ್ಣಗಿರಲಿ, ಅದಕ್ಕೂ ಮೊದಲು ಆ ಕೈ ತಣ್ಣಗಾಗಲಿ.

ಇನ್ನು ಸ್ವಲ್ಪ ಹೊತ್ತು ಮಾತ್ರ ಗೋಡೆಯ ಈಚೆಗಿರುವ,
ನಿನ್ನ ತಂಗಿ